ಅವ್ವನ ದನಿಗೆ ಓಡಿಬಂದ ಗುಂಡವ್ವ

ನಮ್ಮ ಮನೆಯ ಬೆಕ್ಕು ಗುಂಡವ್ವ ಸತ್ತದ್ದು ನನ್ನಿಂದ. ವಿಷದಿಂದಲ್ಲ, ಪಕ್ಕದ ಮನೆಯ ಮರಾಠಿ ಹೆಂಗಸು ಕಾಕುವಿನಿಂದಂತೂ ಅಲ್ಲವೇ ಅಲ್ಲ — ನನ್ನ ಈ ಹಾಳು ಬಾಯಿಂದ.

ಯಾರ ದನಿ ಬೇಕಾದರೂ ತೆಗೆಯುತ್ತೇನೆ ನಾನು. ಬೆಳಗಾವಿಯ ಸಿಟಿ ಬಸ್ಸಿನ ಕಂಡಕ್ಟರು, ನಮ್ಮ ಪ್ರಿನ್ಸಿಪಾಲರು, ಮೂಗಿನಲ್ಲೇ ಮಾತಾಡುವ ಸೋದರಮಾವ. ನನ್ನ ಸ್ವಂತ ದನಿ ಮಾತ್ರ ಒಡೆದ ಪೀಪಿ. ಅದನ್ನು ಯಾರೂ ಕೇಳಬಯಸುವುದಿಲ್ಲ.

ಗುಂಡವ್ವ ಬೇರೆ ಯಾರು ಕರೆದರೂ ಬರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಮಗ್ಗುಲಲ್ಲೇ ಕೂತು, ಮೀಸೆಗೆಲ್ಲ ಹಿಟ್ಟು ಹತ್ತಿಸಿಕೊಂಡು, ಹಾಲಲ್ಲಿ ನೆನೆಸಿದ ತುಣುಕಿಗೆ ಕಾಯುತ್ತಿತ್ತು. “ಗುಂಡವ್ವಾ, ಬಾ ನಮ್ಮವ್ವಾ” — ಅವ್ವನ ಈ ಕೂಗಿಗೆ ಮಾತ್ರ ಬಾಲ ನೆಟ್ಟಗೆ ಮಾಡಿ ಓಡಿಬರುತ್ತಿತ್ತು.

ಅವತ್ತು ಅವ್ವ ಬಜಾರಕ್ಕೆ ಹೋಗಿದ್ದಳು. ರಸ್ತೆಯ ಆಚೆ ಬಾಜು ಗೆಳೆಯರೊಂದಿಗೆ ನಿಂತಿದ್ದೆ. “ನಿಮ್ಮವ್ವನ ದನಿ ತೆಗಿ ನೋಡೂಣು, ಬೆಕ್ಕು ಮೋಸ ಹೋಗತೈತೇನ?” ಎಂದರು. ತೆಗೆದೆ. ಗುಂಡವ್ವ ಗೋಡೆಯಿಂದ ಜಿಗಿದು ಬಂತು — ಟೆಂಪೋ ಬರುತ್ತಿದ್ದುದನ್ನು ನಾನೂ ನೋಡಿರಲಿಲ್ಲ.

ಮೈಮೇಲೆ ಒಂದೂ ಗಾಯವಿರಲಿಲ್ಲ. ಗೆಳೆಯರು ಜಾಗ ಖಾಲಿ ಮಾಡಿದರು. ನಾನು ಅದನ್ನು ಎತ್ತಿ ತಂದು, ಕಾಕುವಿನ ಮನೆಗೂ ನಮಗೂ ನಡುವಿನ ಗೋಡೆಯ ಬುಡದಲ್ಲಿ ಮಲಗಿಸಿದೆ. ಬೇಕಂತಲೇ ಅಲ್ಲಿಟ್ಟೆನೇ? ಇಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ — ಈಗ ನನಗೇ ನಂಬಿಕೆಯಿಲ್ಲ.

“ಗಾಯಿಲ್ಲ, ರಕ್ತಿಲ್ಲ. ಯಾರೋ ಏನೋ ಹಾಕ್ಯಾರ,” ಎಂದು ಅವ್ವ ಅತ್ತಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟೆ — ಆದರೆ ಕಾಕುವಿನ ದನಿಯಲ್ಲಿ! ಹಿಂದೊಮ್ಮೆ ಆಕೆ ಸಿಟ್ಟಿನಲ್ಲಿ ಅಂದದ್ದನ್ನು, ಅದೇ ಮರಾಠಿ ಧಾಟಿಯಲ್ಲಿ ಆಡಿ ತೋರಿಸಿದೆ: “ಅರೇ ದೇವಾ, ಇನ್ನೊಮ್ಮಿ ಹಾಲಿಗೆ ಬಾಯಿ ಹಾಕಲಿ, ನೋಡ್ರಿ ಅದರ ಗತಿ!” ಅವ್ವ ನಗಲಿಲ್ಲ. ಕಾಕುವಿನ ಮನೆಯ ಕಡೆ ತಿರುಗಿ ನೋಡಿದಳು.

ಅಂದಿನಿಂದ ನಮ್ಮ ಮನೆಯ ಆ ಕಡೆಯ ಕಿಡಕಿ ತೆರೆಯಲಿಲ್ಲ. ಅವ್ವನ ಕಣ್ಣಿಗೆ, ಕಾಕು ಅಂಗಳ ಗುಡಿಸಿದರೆ ಏನೋ ಮುಚ್ಚಿಡುತ್ತಿದ್ದಾಳೆ, ನಕ್ಕರೆ ಸೊಕ್ಕು, ನಗದಿದ್ದರೆ ಕಳ್ಳಮನಸ್ಸು. ಹಬ್ಬಕ್ಕೆ ಆಕೆ ಬಾಸುಂದಿ ಕಳಿಸಿದಾಗ ಅವ್ವ ಮೂಸಿ ನೋಡಿ ಮೋರಿಗೆ ಸುರಿದಳು. ನಮ್ಮ ಓಣಿಯಲ್ಲಿ ಯಾರೂ ಬಟ್ಟಲು ಬರಿದಾಗಿ ಮರಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಅವ್ವ ಖಾಲಿ ಬಟ್ಟಲು ತೊಳೆದು ಕೊಟ್ಟಳು. ಒಯ್ದವನು ನಾನೇ. ಕಾಕು ಒಳಗೆ ಇಣುಕಿ ನೋಡಿ, ಏನೂ ಕೇಳದೆ ಇಸಿದುಕೊಂಡಳು. ಯಾಕೆ ಕೇಳಲಿಲ್ಲ? ಅವತ್ತು ಬೆಕ್ಕನ್ನು ಮಲಗಿಸುವಾಗ ನನ್ನನ್ನು ನೋಡಿಬಿಟ್ಟಿದ್ದಾಳೆಯೇ — ಆ ಗುಮಾನಿ ನನ್ನನ್ನು ವರ್ಷಗಟ್ಟಲೆ ಕಾಡಿತು. ಮುಂದೆ ಆಕೆ ಮಗಳಿರುವ ಖಾನಾಪುರಕ್ಕೆ ಹೋಗಿಬಿಟ್ಟಳು. ಅವ್ವ ಬಾಗಿಲಿಗೂ ಬರಲಿಲ್ಲ.

ಮೊನ್ನೆ ಖಾನಾಪುರದ ಬಸ್ಸು ಹತ್ತಿದೆ. ಕಾಕುವಿನ ಮುಂದೆ ಕೂತು ಎಲ್ಲ ಹೇಳಿದೆ. ಆಕೆ ನನ್ನ ಬಾಯಿಯನ್ನೇ ನೋಡಿದಳು.

“ಅವತ್ತ ನಿಮ್ಮವ್ವ ಕರದದ್ದು ಒಳಗಿಂದ ಕೇಳಿದ್ದೆನೋ. ಅದರ ಬೆನ್ನಿಗೇ ಗಾಡಿ ಬ್ರೇಕ್ ಹಾಕಿದ ಸಪ್ಪಳ. ತಾನ ರಸ್ತಾಕ್ಕ ಕರದು ಕೊಂದು, ನನ್ನ ಮ್ಯಾಲ ಹಾಕ್ಯಾಳಂತ… ಇಷ್ಟ ವರ್ಷ ಆಕೀನ ಬೈಕೋಂತ ಕುಂತೀನಿ.”

ಆಕೆ ಕೇಳಿದ್ದು ನನ್ನ ಕೂಗು. ನನ್ನನ್ನು ಯಾರೂ ನೋಡಿರಲಿಲ್ಲ. ಆದರೂ ಹಗುರಾಗಲಿಲ್ಲ — ಮನೆಯಲ್ಲಿ ಅವ್ವ ಇನ್ನೂ ಏನೂ ಅರಿಯದೆ ರೊಟ್ಟಿ ಬಡಿಯುತ್ತಿದ್ದಳು.

ಫೋನು ಚಾಚಿದೆ. “ಕಾಕೂ, ನೀವ ಅವ್ವಗ ಒಂದ್ಮಾತ ಹೇಳಿಬಿಡ್ರಲ್ಲ. ನನ್ನ ಬಾಯಿಂದ ಬರವಲ್ದು…”

ಕಾಕು ಫೋನನ್ನು ನನ್ನ ಕೈಗೇ ತಳ್ಳಿದಳು.

“ಅವ್ವನ ದನೀಲೆ ಬೆಕ್ಕನ್ನ ಕರದಿ. ಈಗ ಅವ್ವನ್ನ ನನ್ನ ದನೀಲೆ ಕರೀತಿಯೇನೋ? ಹಚ್ಚು ಫೋನ್. ನಾ ಇಲ್ಲೇ ಕುಂತೀನಿ.”