ಕೋಟೆಗೋಡೆಯ ಅರಳಿ

ಸೇಡು ತೀರಿಸಿಕೊಳ್ಳುವುದು ಮನುಷ್ಯರ ಕೆಲಸ, ಗಿಡಕ್ಕೂ ಕಲ್ಲಿಗೂ ಅದರ ಗೊಡವೆಯಿಲ್ಲ ಎಂದೇ ನಾನು ತಿಳಿದಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಹಂಪಿಯ ಹಳೆಯ ಕೋಟೆಗೋಡೆಯ ಸಂದುಗಳಲ್ಲಿ ಬೆಳೆದ ಗಿಡಗಳನ್ನು ಕೀಳಿಸುವ ಗುತ್ತಿಗೆ ಕೆಲಸಕ್ಕೆ ನಾನು ಸೂಪರ್‌ವೈಸರ್ ಆಗಿದ್ದೆ. ಹೊಸಪೇಟೆಯಿಂದ ದಿನಾ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಅರಳಿ ಸಸಿಯನ್ನು ಬೆರಳುದ್ದ ಇದ್ದಾಗಲೇ ಕೀಳಬೇಕು. ಬಿಟ್ಟರೆ ಅದರ ಬೇರು ಆನೆಗಾತ್ರದ ಕಲ್ಲನ್ನೂ ಸರಿಸಿಬಿಡುತ್ತದೆ. ಒಂದು ದಿನ ನಮ್ಮ ಮೇಸ್ತ್ರಿ, ತಿಪ್ಪಮ್ಮ ಎಂಬ ಕೂಲಿ ಹೆಂಗಸನ್ನು ಹಗ್ಗವಿಲ್ಲದೆ ಗೋಡೆ ಹತ್ತಿಸಿದ. ಅವಳು ಒಲ್ಲೆನೆಂದರೂ ಬೈದು ಹತ್ತಿಸಿದ. ಆಧಾರಕ್ಕೆ ಹಿಡಿದಿದ್ದ ಅರಳಿಯ ಕೊಂಬೆ ಮುರಿಯಿತು. ಬಿದ್ದವಳು ಏಳಲಿಲ್ಲ.

"ನಾ ಬ್ಯಾಡ ಅಂದ್ರೂ ತಾನಾಗೇ ಹತ್ತಿದ್ಲು" ಎಂದ ಮೇಸ್ತ್ರಿ. ನಾನು ಪೊಲೀಸರಿಗೆ ಅದನ್ನೇ ಬರೆದುಕೊಟ್ಟೆ. ನನಗೆ ಕೆಲಸ ಉಳಿಯಬೇಕಿತ್ತು.

ತಿಂಗಳೊಪ್ಪತ್ತಿನಲ್ಲಿ ತಿಪ್ಪಮ್ಮನ ಮಗಳು ಹುಲಿಗೆಮ್ಮ ಅದೇ ಕೂಲಿಗೆ ಬಂದಳು. ಮೇಸ್ತ್ರಿಯನ್ನೇ ನೋಡುತ್ತ ಕುಡುಗೋಲು ಮಸೆಯುತ್ತಿದ್ದಳು.

ಒಂದು ಮಧ್ಯಾಹ್ನ, ಅದೇ ಅರಳಿ ಮತ್ತೆ ಚಿಗುರಿದ್ದು ಮೇಸ್ತ್ರಿಯ ಕಣ್ಣಿಗೆ ಬಿತ್ತು. "ಈ ಸಲ ಬುಡಾನ ಇಲ್ಲದಂಗ ಮಾಡ್ತೀನಿ" ಎಂದು ಏಣಿ ಹತ್ತಿದವನು ಸಂದಿನೊಳಗೆ ಮೊಣಕೈವರೆಗೆ ಕೈ ತೂರಿಸಿದ. ಕೈ ಹೊರಗೆ ಬರಲಿಲ್ಲ. ಮೊದಲು ನಕ್ಕ. ಆಮೇಲೆ ಚೀರಿದ: "ಏನೋ ಹಿಡಕೊಂಡೈತ್ರಿ! ಬಿಗಿ ಮಾಡಾಕತ್ತೈತಿ!"

ನಾನು ಮೇಲೆ ಹತ್ತಿ ಅವನ ತೋಳು ಹಿಡಿದು ಎಳೆದೆ. ಎಣ್ಣೆ ಸುರಿದೆ. ಕಂಡ ಬೇರನ್ನೆಲ್ಲ ಕೊಯ್ದೆ. ಜಗ್ಗಲಿಲ್ಲ.

ಹುಲಿಗೆಮ್ಮ ಏಣಿಯ ಬುಡಕ್ಕೆ ಬಂದು ನಿಂತಳು. "ನಮ್ಮವ್ವನ್ನ ಹತ್ತಿಸಿದ್ದು ಯಾರು? ಹೇಳು."

"ನಾನವ್ವಾ, ನಾನ ಹತ್ತಿಸಿದ್ದು! ಬಿಡಸವ್ವಾ!"

ಹಿಡಿತ ಸಡಿಲಾಯಿತು, ಕೈ ಹೊರಬಂತು. ಬೆರಳುಗಳು ನೀಲಿಗಟ್ಟಿದ್ದವು, ಆಮೇಲೆಂದೂ ಅವನು ಆ ಕೈಯಿಂದ ತುತ್ತು ಎತ್ತಲಿಲ್ಲ. ಹುಲಿಗೆಮ್ಮನ ಮುಖದಲ್ಲಿ ಎಳ್ಳಷ್ಟೂ ಮರುಕವಿರಲಿಲ್ಲ. ನನ್ನತ್ತ ತಿರುಗಿ, "ಸಾಹೇಬ್ರ, ಸುಳ್ಳು ಬರದಾವ್ರು ನೀವಲ್ರೀ?" ಎಂದಳು.

ಅಂದೇ ಸಂಜೆ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಕೆಲಸ ಹೋಯಿತು.

ಮರುದಿನ ಕೊನೆಯ ಬಾರಿ ಆ ಏಣಿ ಹತ್ತಿದೆ. ಗಾಬರಿಯಲ್ಲಿ ಎಳೆದಾಡಿ ಅವನ ಕೈ ಊದಿ ಸಿಕ್ಕಿಕೊಂಡಿರಬೇಕು ಎಂದು ಸಮಾಧಾನ ಮಾಡಿಕೊಳ್ಳುವ ಆಸೆ ನನಗೆ. ಕಲ್ಲುಗಳ ನಡುವಿನ ಆ ಸಂದಿನಲ್ಲಿ ನನ್ನ ಎರಡು ಬೆರಳೂ ಹಿಡಿಯಲಿಲ್ಲ. ಅಲ್ಲಿಯೇ ಆ ದಪ್ಪ ತೋಳಿನ ಮನುಷ್ಯ ಮೊಣಕೈವರೆಗೆ ಕೈ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.