ವೈನಿಗೆ ಕೊಟ್ಟ ಗುಳಿಗೆ

ವೈನಿ, ಆ ದಿನ ನಿಮ್ಮ ಉಸಿರು ಕಟ್ಟಿದ್ದು ಹೆದರಿಕೆಯಿಂದಲ್ಲ. ನಾನು ಕೊಟ್ಟ ಗುಳಿಗೆಯಿಂದ. ಅದು ನನಗೆ ಆವತ್ತೇ ಗೊತ್ತಿತ್ತು.

ಮಿಲ್ಟನ್ನಿನ ನಿಮ್ಮ ಅಡುಗೆಮನೆ. ಡ್ರೈವಿಂಗ್ ಟೆಸ್ಟಿಗೆ ಹೊರಟಿದ್ದಿರಿ — ಲೈಸೆನ್ಸ್ ಬಂದರೆ ಬೋಲ್ಟನ್ನಿನ ಗೋದಾಮಿನಲ್ಲಿ ನಿಮ್ಮದೇ ಕೆಲಸ, ಎಲ್ಲದಕ್ಕೂ ನಿಮ್ಮ ಗಂಡ, ನನ್ನ ಅಣ್ಣನ ಶಿಫ್ಟು ಮುಗಿಯಲೆಂದು ಕಾಯಬೇಕಾಗಿಲ್ಲ. ನನ್ನ ಕೈ ಎಳೆದು ಎದೆಯ ಮೇಲಿಟ್ಟುಕೊಂಡಿರಿ. "ನೋಡ ಸುಮಾ, ಹೆಂಗ ಹೊಡಕೋಳಿಕ್ಕತ್ತದ! ಟೆಸ್ಟಿನಾಗ ಪಕ್ಕದಾಗ ಕೂಡಾಂವಗೂ ಕೇಳಸ್ತದ."

ಧಾರವಾಡದಲ್ಲಿ ಶರೀರಶಾಸ್ತ್ರ ಓದಿದವಳು ನಾನು. ಹೆದರಿದಾಗ ನರಗಳ ಕರೆಗೆ ರಕ್ತಕ್ಕಿಳಿಯುವ ಅಡ್ರಿನಲಿನ್ ಹೃದಯದ ಬೀಟಾ ಗ್ರಾಹಕಗಳಿಗೆ ಅಂಟಿ ಬಡಿತ ಏರಿಸುತ್ತದೆ. ಅವನ್ನು ಮುಚ್ಚಿದರೆ ಬಡಿತ ಇಳಿಯುತ್ತದೆ. ನನ್ನ ಅರೆತಲೆನೋವಿನ ಗುಳಿಗೆ ಮಾಡುವುದೂ ಅದನ್ನೇ. ಊರಿಂದ ಸೂಟ್‌ಕೇಸಿನಲ್ಲಿ ಔಷಧಿ ತುಂಬಿಕೊಂಡು ಬಂದು ಹಂಚಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಗುಳಿಗೆಯನ್ನು ನೀವೇ ಕೇಳಿದಿರಿ ಎಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ. ಆದರೆ ಅರೋರಾದ ನನ್ನ ಮನೆಯಿಂದ ಹೊರಡುವಾಗಲೇ ಅದನ್ನು ಪರ್ಸಿಗೆ ಹಾಕಿಕೊಂಡಿದ್ದೆನಲ್ಲ…

ಅಂಥವೇ ಗ್ರಾಹಕಗಳು ಶ್ವಾಸನಾಳದಲ್ಲೂ ಇವೆ, ಅದನ್ನು ಸಡಿಲಿಸಿ ತೆರೆಯಲಿಕ್ಕೆ. ಗುಳಿಗೆ ಅವನ್ನೂ ಮುಚ್ಚುತ್ತದೆ. ನಿಮಗೆ ದಮ್ಮು. ಉಸಿರು ಕಟ್ಟಿದಾಗ ಬಾಯಿಗೆ ಒತ್ತಿಕೊಳ್ಳುವ ನಿಮ್ಮ ಪಂಪು ನನ್ನ ಕಣ್ಣೆದುರೇ, ಮೇಜಿನ ಮೇಲಿತ್ತು. ಮರೆತೆನೋ, ಇಲ್ಲಾ ಜಾಣತನ ತೋರಿಸುವ ಅವಸರದಲ್ಲಿ ಕಂಡೂ ಕಾಣದಾದೆನೋ —

ಟೆಸ್ಟಿನ ನಡುವೆ ಕಾರು ರಸ್ತೆಬದಿಗೆ ನಿಂತಿತು. ಪಂಪು ಒತ್ತಿದರೂ ಉಸಿರಾಡಲಾಗಲಿಲ್ಲ. ಆ ಔಷಧಿ ಹೋಗಿ ಅಂಟಬೇಕಾದ ಜಾಗವನ್ನೇ ನನ್ನ ಗುಳಿಗೆ ಹಿಡಿದಿತ್ತು. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಾಕಿದ್ದರಿಂದ ನಿಮಗೆ ಮಾತಾಡಲಾಗುತ್ತಿರಲಿಲ್ಲ. ಬೇರೆ ಯಾವುದಾದರೂ ಮಾತ್ರೆ ತಗೊಂಡಿದ್ದಾರಾ ಎಂದು ಡಾಕ್ಟರು ನನ್ನನ್ನು ಕೇಳಿದರು. ಅಣ್ಣ ಪಕ್ಕದಲ್ಲೇ ಇದ್ದ. "ನೋ," ಎಂದೆ.

ನೀವು ಉಳಿದಿರಿ. ಅದರಲ್ಲಿ ನನ್ನ ಪಾಲೇನಿಲ್ಲ.

ಮನೆಗೆ ಬಂದ ಮೇಲೆ, ಅಣ್ಣನಿಗೆ ಕೇಳಿಸದ ಹಾಗೆ, ಕೇಳಿದಿರಿ: "ನಿನ್ನ ಗುಳಿಗಿ ನುಂಗಿದ್ರೂ ನನ್ನ ಹೆದರಿಕಿ ಹೋಗ್ಲಿಲ್ಲಲಾ. ಇಷ್ಟ ಪುಕ್ಕಲಿ ಏನವಾ ನಾ?"

ಆಗಲಾದರೂ ಹೇಳಬಹುದಿತ್ತು. "ಬಿಡ್ರಿ ವೈನಿ, ಮುಂದಿನ ಸಲ ಆಗ್ತದ," ಎಂದೆ.

ಮುಂದಿನ ಸಲ ಬರಲೇ ಇಲ್ಲ. "ನಮ್ಮಾಕಿ ಸ್ಟೇರಿಂಗ್ ಹಿಡದ್ಲಂದ್ರ ಆಂಬುಲೆನ್ಸ್ ಬರ್ತದ," ಎಂದು ಅಣ್ಣ ಇವತ್ತಿಗೂ ಊಟಕ್ಕೆ ಬಂದವರನ್ನು ನಗಿಸುತ್ತಾನೆ. ನೀವೂ ನಗುತ್ತೀರಿ. ನಾನೂ. ಹೋದ ವಾರ ನೀವು ಹಿಮದಲ್ಲಿ, ಚೀಲ ಎದೆಗವಚಿಕೊಂಡು, ಬಸ್ಸಿಗೆ ನಿಂತಿದ್ದಿರಿ. ಕಾರು ನಿಲ್ಲಿಸಲು ನನಗೆ ಮುಖವಿರಲಿಲ್ಲ.

ಭಾನುವಾರ ಊಟಕ್ಕೆ ಬರುತ್ತೇನೆ. ಅಣ್ಣ ಆ ಮಾತು ತೆಗೆದ ಕೂಡಲೇ ಎಲ್ಲರೆದುರು ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡದೆ ಹೋಗಬಹುದು. ಆದರೂ ಇದೊಂದು ತಿಳಿದಿರಲಿ — ಎದೆ ಹಾಗೆ ಹೊಡೆದುಕೊಳ್ಳುತ್ತಿದ್ದಾಗಲೂ ನೀವು ಕೀ ತೆಗೆದುಕೊಂಡು, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು, ನನಗಿಂತ ಮುಂದೆ ಬಾಗಿಲು ದಾಟಿದ್ದಿರಿ. ನಾನು ನೋಡಿದ್ದೆ.