ಹೊಳೆವ್ವನ ಕೈಯ ವಾಸನೆ

ಹೆಬ್ಬಳ್ಳಿಯಲ್ಲಿ ಯಾರ ಮನೆಯಲ್ಲಿ ಕುರಿ ಕಡಿದರೂ ಮೊದಲ ಕರೆ ಹೋಗುತ್ತಿದ್ದದ್ದು ಹೊಳೆವ್ವನಿಗೆ. ಮದುವೆಯ ಮರುದಿನದ ಊಟ ಇರಲಿ, ದೇವರಿಗೆ ಬಿಟ್ಟ ಕುರಿ ಇರಲಿ, ಆಕೆ ಬಂದು ಒಲೆಯ ಮುಂದೆ ಸೆರಗು ಸಿಕ್ಕಿಸಿದಳೆಂದರೆ ಉಳಿದ ಹೆಂಗಸರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಒಣಕೊಬ್ಬರಿ ಸುಡುವವಳು ಅವಳೇ, ಗಸಗಸೆ ಹುರಿಯುವವಳು ಅವಳೇ. ಮಸಾಲೆ ಅರೆಯಲು ತನ್ನ ಮನೆಯ ಕಲ್ಲೇ ಬೇಕೆಂದು ಅದನ್ನು ಚಕ್ಕಡಿಯಲ್ಲಿ ಹೇರಿಸಿಕೊಂಡು ಹೋಗುತ್ತಿದ್ದಳು. ಗಂಡ ಗುರುಶಿದ್ದಪ್ಪ ಊಟಕ್ಕೆ ಕೂತರೆ ಮೊದಲು ಸಾರಿನ ಮೇಲೆ ತೇಲುವ ಕೆಂಪು ಎಣ್ಣೆಯಲ್ಲಿ ರೊಟ್ಟಿಯ ಅಂಚು ಅದ್ದಿ ತಿಂದು, ಮಾತಾಡದೆ ಒಮ್ಮೆ ತಲೆ ಅಲ್ಲಾಡಿಸುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ಹೊಗಳಿದ್ದು ಅಷ್ಟೇ. ಅವಳಿಗೆ ಅಷ್ಟು ಸಾಕಿತ್ತು.

ಅಂಥ ಹೊಳೆವ್ವ ಖಂಡ ಬಿಟ್ಟಳು. ಡಾಕ್ಟರು ಹೇಳಲಿಲ್ಲ, ದೇವರು ಕನಸಿನಲ್ಲಿ ಬರಲಿಲ್ಲ. ಮೊಮ್ಮಗಳ ಬಾಯಿಗೆ ತನ್ನ ಕೈಯಿಂದ ಒಂದು ತುತ್ತು ಇಡಬೇಕು ಅಂತ ಬಿಟ್ಟಳು.

ಮಗಳು ಕಾವೇರಿ ಗೋಕುಲ ರಸ್ತೆಯ ಒಂದು ಕಾರಖಾನೆಯಲ್ಲಿ ಪಂಪಿನ ವಾಲ್ವುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕಿದ್ದಳು. ಅಲ್ಲಿಯ ಸುಪರವೈಜರ ವಿಶಾಲ ಎಂಬ ಹುಡುಗ, ಮಾಳಮಡ್ಡಿಯ ಲಿಂಗವಂತರವನು. ತೊಂಬತ್ತಾರರಲ್ಲಿ ಇಬ್ಬರೂ ಕಚೇರಿಗೆ ಹೋಗಿ ಸಹಿ ಮಾಡಿ ಮದುವೆಯಾಗಿ ಬಂದರು. ಹುಡುಗನ ಅಪ್ಪ ಮಹಾಂತಯ್ಯ ಹತ್ತಿ ವ್ಯಾಪಾರಿ, ಪ್ಯಾಟಿಯಲ್ಲಿ ಅವನ ಮಾತಿಗೆ ಬೆಲೆ ಇತ್ತು. ಮನೆಯಲ್ಲಿ ಮಾತು ಹೆಂಡತಿ ಮುರಿಗೆವ್ವನದು. ಆಕೆ ಸೊಸೆಯನ್ನು ಹೊರಗೆ ಹಾಕಲಿಲ್ಲ. ಅಯ್ಯನವರನ್ನು ಕರೆಸಿ ಕೊರಳಿಗೆ ಲಿಂಗ ಕಟ್ಟಿಸಿ, ತಲೆಗೆ ನೀರು ಹಾಕಿಸಿ, ತವರಿನಿಂದ ತಂದ ಎರಡೂ ಸೀರೆಗಳನ್ನು ಕೆಲಸದವಳಿಗೆ ಕೊಟ್ಟು ಒಳಗೆ ಕರೆದುಕೊಂಡಳು.

ಮರುವರ್ಷ ಕಾವೇರಿ ಬಸುರಾದಳು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು, ಅದು ಎಲ್ಲಾ ಮನೆತನದ ರೂಢಿ. ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಹೋದ ಹೊಳೆವ್ವ ಆ ಮಾತು ಎತ್ತಿದಳು. ಮುರಿಗೆವ್ವ ಸೀರೆಯ ಮೇಲೆ ವಿಭೂತಿ ಕಲಸಿದ ನೀರು ಚಿಮುಕಿಸುತ್ತಾ ಕೇಳಿಸಿಕೊಂಡಳು.

“ನಮ್ಮ ಕೂಸು ನಿಮ್ಮ ಗಡಗಿ ನೀರ ಕುಡ್ಯಾಂಗಿಲ್ರಿ. ಬಾಣಂತನಾ ಇಲ್ಲೇ ಆಗತೈತಿ. ನೀವ ಬರ್ತೇನಿ ಅಂದ್ರ ನಾ ಯಾಕ ಬ್ಯಾಡ ಅನ್ಲಿ? ಆದ್ರ ಬಿಟ್ಟ ಬರ್ರಿ. ಪೂರಾ ಬಿಟ್ಟ ಬರ್ರಿ.”

ಹೊಳೆವ್ವ ಬಸ್ಸಿನಲ್ಲಿ ಕೂತು ಊರು ಮುಟ್ಟುವಷ್ಟರಲ್ಲಿ ತೀರ್ಮಾನ ಮಾಡಿದ್ದಳು. ಒಂದು ಸಣ್ಣ ಮಠದ ಅಯ್ಯನವರ ಹತ್ತಿರ ಹೋಗಿ ಲಿಂಗ ಕೇಳಿದಳು. ಯಾರ ಸಲುವಾಗಿ ತಾಯಿ, ಅಂತ ಅವರು ಕೇಳಿದರೆ “ಕೂಸಿನ ಸಲುವಾಗ್ರಿ” ಅಂದಳು. ಶಿವನ ಸಲುವಾಗಿ ಅನ್ನವ್ವಾ ಎಂದು ಅವರು ತಿದ್ದಿದರು. ಹಾಗೇ ಅಂದಳು.

ಖಂಡ ಬೇಯಿಸಿದ ಗಡಿಗೆಗಳನ್ನು ತಿಪ್ಪೆಯ ಮೇಲೆ ಒಡೆದಳು. ಮಸಾಲೆಯ ಕಲ್ಲನ್ನು ಒಡೆಯಲು ಕೈ ಬರಲಿಲ್ಲ, ಗೋಡೆಯಾಚೆಯ ಮನೆಯ ಶರಣವ್ವನಿಗೆ ಕೊಟ್ಟಳು. ಶರಣವ್ವ ಗುರುಶಿದ್ದಪ್ಪನ ತಮ್ಮನ ಹೆಂಡತಿ. ಇಪ್ಪತ್ತು ವರ್ಷದಿಂದ ಹೊಳೆವ್ವನ ಸಾರಿನ ಮುಂದೆ ಸೋತು ಕೂತವಳು. ಕಲ್ಲನ್ನು ಉರುಳಿಸಿಕೊಂಡು ಹೋಗುವಾಗ, ಇನ್ನ ಬದನಿಕಾಯಿ ಚೀಪಕೊಂಡ ಕೂಡ್ರು ಯಕ್ಕಾ, ಎಂದು ನಕ್ಕಳು.

ಮೊದಲ ಆದಿತ್ಯವಾರ ಶರಣವ್ವ ಬೇಕೆಂದೇ ಒಲೆಯನ್ನು ಹಿತ್ತಲಲ್ಲಿ ಹೂಡಿದಳು. ವಾಸನೆ ಗೋಡೆ ಹತ್ತಿ ಬಂತು. ಹೊಳೆವ್ವನ ಬಾಯಲ್ಲಿ ನೀರು ಒಡೆದು ಗದ್ದಕ್ಕೆ ಇಳಿಯಿತು. ಒಣಮೆಣಸಿನಕಾಯಿ ಕಚ್ಚಿದಳು, ಬೆಳ್ಳುಳ್ಳಿ ಕಚ್ಚಿದಳು, ಕಡೆಗೆ ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡು ಹೊಲದ ದಾರಿ ಹಿಡಿದಳು. ತಿಂಗಳುಗಟ್ಟಲೆ ಅವಳಿಗೆ ನಿದ್ದೆಯಲ್ಲಿ ಎಲುಬು ಚೀಪಿದ ಹಾಗೆ ಆಗುತ್ತಿತ್ತು. ಎಚ್ಚರಾದಾಗ ಹೆಬ್ಬೆರಳು ಬಾಯೊಳಗೆ ಇರುತ್ತಿತ್ತು. ತಾನು ಬಿಟ್ಟ ಮೇಲೆ ಮುಟ್ಟುವುದೂ ಇಲ್ಲ ಎಂದು ಗಂಡನಿಗೂ ಮಾಡಿ ಹಾಕಲಿಲ್ಲ. ಗುರುಶಿದ್ದಪ್ಪ ಮೊದಲೆರಡು ವಾರ ನಕ್ಕ, ಮೂರನೇ ವಾರ ಬೈದ, ಆಮೇಲೆ ತನ್ನ ತಾಟು ಹಿಡಿದುಕೊಂಡು ತಮ್ಮನ ಮನೆಗೆ ಹೋಗತೊಡಗಿದ. ಐವತ್ತೈದು ವರ್ಷದ ಗಂಡಸು ತಾಟು ಹಿಡಿದು ಗೋಡೆ ಸುತ್ತಿ ಹೋಗುವುದನ್ನು ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ನೋಡಿದರು.

ದೀಪಾವಳಿಯ ಮುಂದೆ ಕಾವೇರಿ ಹೆಣ್ಣು ಹಡೆದಳು. ರಜನಿ ಅಂತ ಹೆಸರು. ಮೂರನೇ ದಿನ ಹೊಳೆವ್ವ ಅಂಟಿನ ಉಂಡೆ, ಸಬ್ಬಸಿಗೆ ಬೀಜ, ಅಜವಾನ, ಹಳೆ ಧೋತರದ ಮೆತ್ತನೆಯ ದುಪಟಿ ಎಲ್ಲ ಗಂಟು ಕಟ್ಟಿಕೊಂಡು ಮಾಳಮಡ್ಡಿಗೆ ಹೋದಳು. ಹೊಸ್ತಿಲಲ್ಲಿ ಮುರಿಗೆವ್ವ ನಿಂತಿದ್ದಳು. ಕೈ ತೋರಿಸಿರಿ ಎಂದಳು. ಬಳೆ ನೋಡುತ್ತಾರೇನೋ ಎಂದು ಹೊಳೆವ್ವ ಮುಂಗೈ ಚಾಚಿದಳು. ಮುರಿಗೆವ್ವ ಆ ಕೈಗಳನ್ನು ಮಗುಚಿ, ಬಗ್ಗಿ, ಸಂತೆಯಲ್ಲಿ ಬೆಣ್ಣೆ ಮೂಸುವ ಹಾಗೆ ಒಂದೊಂದೇ ಬೆರಳು ಮೂಸಿದಳು. ಉಗುರಿನ ಸಂದಿ ಬಿಡಲಿಲ್ಲ.

“ಬರಾಕತ್ತೈತಿ” ಎಂದಳು.

ಬಿಟ್ಟು ಮೂರು ತಿಂಗಳಾಯಿತೆಂದು ಹೊಳೆವ್ವ ಹೇಳಿದಳು.

“ನಲವತ್ತಾರ ವರ್ಷ ತಿಂದದ್ದು ಮೂರ ತಿಂಗಳದಾಗ ಹೋಗತೈತೇನ್ರಿ? ಏಳ ವರ್ಷ ಬೇಕ ಅದು ಮೈ ಬಿಡಾಕ. ಕೂಸಿಗೆ ಲಿಂಗ ಕಟ್ಟೂ ಹೊತ್ತಿಗೆ ನಿಮಗೂ ಏಳ ತುಂಬತೈತಿ. ಅವತ್ತ ನಿಮ್ಮ ಕೈಲೆ ಒಂದ ತುತ್ತ ತಿನ್ನಸ್ರಿ. ನಡುವ ಒಂದ ದಿನಾ ತಪ್ಪಿದ್ರ ಎಣಿಕಿ ಮೊದಲಿಂದ, ಮತ್ತ.”

ಬಾಣಂತನಕ್ಕೆ ಅಂಬಾಬಾಯಿ ಎಂಬ ಮುದುಕಿಯನ್ನು ಗೊತ್ತು ಮಾಡಿದ್ದರು. ಕೂಸಿಗೆ ಎರೆಯುವುದು, ಎಣ್ಣೆ ತಿಕ್ಕುವುದು, ಹೊಗೆ ಹಾಕುವುದು ಅಂಬಾಬಾಯಿ. ಹೊಳೆವ್ವನಿಗೆ ಪಕ್ಕದ ಸಂದಿಯಿಂದ ಹೋಗಿ ಹಿತ್ತಲಲ್ಲಿ ಬಾಣಂತಿಯ ಅರಿವೆ ಒಗೆಯುವ ಕೆಲಸ ಸಿಕ್ಕಿತು. ಅರಿವೆಗೆ ವಾಸನೆ ಹತ್ತುವುದಿಲ್ಲವೇನು ಎಂದು ಯಾರೂ ಕೇಳಲಿಲ್ಲ. ಕೋಣೆಯ ಕಿಟಕಿ ಹಿತ್ತಲಿಗೇ ಇತ್ತು. ಒಳಗಿಂದ ಕಾವೇರಿ ಕೂಸನ್ನು ಎತ್ತಿ ತೋರಿಸುವಳು, ಮಾತಾಡುತ್ತಿರಲಿಲ್ಲ. ತಾಯಿ ಏನಾದರೂ ಅಂದರೆ, ಸುಮ್ಮನ ಇರವ್ವಾ ನನ್ನ ನೆಟ್ಟಗ ಇರಾಕ ಬಿಡು, ಅಂತ ಪಿಸುಗುಟ್ಟಿ ಸರಿದುಬಿಡುವಳು.

ಅಲ್ಲಿಂದ ಏಳು ವರ್ಷ ಹೊಳೆವ್ವ ಸೋಮವಾರ ತಪ್ಪಿಸಲಿಲ್ಲ. ಬುಟ್ಟಿಯಲ್ಲಿ ಎಳೆಸೌತೆ, ಹಸಿಗಡಲೆ. ಹೊಸ್ತಿಲಲ್ಲಿ ಕೈ ಚಾಚುವುದು, ಮುರಿಗೆವ್ವ ಮೂಸುವುದು. ಆಮೇಲೆ ಕಟ್ಟೆಯ ಮೇಲೆ ಒಂದು ಟವೆಲ್ಲು ಹಾಸಿ ಅದರ ಮೇಲೆ ಕೂಸನ್ನು ಕೊಡುವರು. ಟವೆಲ್ಲು ಆಮೇಲೆ ಬಿಸಿನೀರಿಗೆ ಹೋಗುವುದು. ರಜನಿ ನಡೆಯಲು ಕಲಿತದ್ದು, ಹಳ್ಳಿ ಆಯಿ ಅನ್ನಲು ಕಲಿತದ್ದು ಆ ಕಟ್ಟೆಯ ಮೇಲೇ. ಹುಡುಗಿ ಬಾಯಿ ತೆರೆದು ಹಸಿಗಡಲೆಗೆ ಬಂದರೆ ಹೊಳೆವ್ವ ಬಿಡಿಸಿ ನೆಲದ ಮೇಲೆ ಇಡಬೇಕು, ಹುಡುಗಿ ತಾನೇ ಎತ್ತಿಕೊಂಡು ತಿನ್ನಬೇಕು. ಬಾಗಿಲ ಸಂದಿಯಿಂದ ಮುರಿಗೆವ್ವ ನೋಡುತ್ತಿದ್ದಳು.

ನಡುವೆ ಒಂದು ಸಂಗತಿ ಆಯಿತು. ಹೊಳೆವ್ವನ ಮಗ ಮಾಲತೇಶ ಟೆಂಪೊ ಹೊಡೆಯುತ್ತಿದ್ದ. ಗೋಕುಲ ರಸ್ತೆಯಲ್ಲಿ ಬಡೇಸಾಬನ ಕಬಾಬಿನ ಗಾಡಿಯ ಮುಂದೆ ಅಳಿಯ ವಿಶಾಲ ನಿಂತು ಗೆಳೆಯರ ಜೋಡಿ ಬೆರಳು ನೆಕ್ಕುತ್ತಿದ್ದದ್ದನ್ನು ಕಂಡ. ಇವನನ್ನು ನೋಡಿ ವಿಶಾಲ ಹೆದರಲಿಲ್ಲ, ಒಂದು ತುಂಡು ಇವನ ಕೈಗೂ ಇಟ್ಟ.

“ನಮ್ಮವ್ವ ನನ್ನ ಕೈ ಮೂಸಂಗಿಲ್ಲೋ ಮಾಲತೇಶ” ಎಂದು ನಕ್ಕ.

ಮಾಲತೇಶ ಮನೆಗೆ ಬಂದು ಕುದಿದ. ಈಗಿಂದೀಗ ಹೋಗಿ ಆ ಮುದುಕಿಗೆ ಹೇಳುತ್ತೇನೆಂದು ಚಪ್ಪಲಿ ಮೆಟ್ಟಿದ. ಹೊಳೆವ್ವ ಅವನ ಅಂಗಿ ಹಿಡಿದು ಎಳೆದು ಕೂಡಿಸಿದಳು. ಹೇಳಿದರೆ ಮಗನನ್ನು ಕೆಡಿಸಿದವಳು ಸೊಸೆ ಅನ್ನುತ್ತಾರೆ, ಆ ಮನೆಯಲ್ಲಿ ಯಾರು ತಿಂದರೂ ವಾಸನೆ ಬರುವುದು ನಮ್ಮ ಕೈಗೇ ಎಂದಳು. ಮಾಲತೇಶ ತಾಯಿಯನ್ನು ಕೆಟ್ಟದಾಗಿ ಬೈದು ಎದ್ದು ಹೋದ.

ಎರಡು ಸಾವಿರದ ನಾಲ್ಕರಲ್ಲಿ, ಏಳು ವರ್ಷ ತುಂಬಲು ಒಂದೇ ತಿಂಗಳು ಉಳಿದಿರುವಾಗ, ಗುರುಶಿದ್ದಪ್ಪ ಮಲಗಿದ. ಹೊಟ್ಟೆಯಲ್ಲಿ ಗಡ್ಡೆ. ಹುಬ್ಬಳ್ಳಿಯ ಡಾಕ್ಟರು ಕೊಯ್ಯಲಿಲ್ಲ. ಮನೆಗೆ ಒಯ್ದು ಬೇಡಿದ್ದು ಕೊಡಿರಿ ಅಂದುಬಿಟ್ಟರು. ನಾಲ್ಕು ದಿನ ಅವನು ಏನೂ ಬೇಡಲಿಲ್ಲ. ಐದನೇ ದಿನ ಹೆಂಡತಿಯ ಮೊಣಕೈ ಹಿಡಿದ.

“ಒಂದ ಸಲಾ ನಿನ್ನ ಕೈಲೆ ಸಾರ ಮಾಡ ಹೊಳೆವ್ವಾ. ಶರಣವ್ವನ್ದು ಏಳ ವರ್ಷ ತಿಂದೇನಿ. ಅದು ಸಾರಲ್ಲ.”

ಹೊಳೆವ್ವ ಹೊರಗೆ ಬಂದು ಬಾಗಿಲ ಹತ್ತಿರ ಕೂತಳು. ಮುಟ್ಟಿದರೆ ಮೈಗೆ ಹತ್ತುತ್ತದೆ. ಆ ಹೆಂಗಸು ಬೆರಳು ಹಿಡಿದರೆ ಗೊತ್ತಾಗುತ್ತದೆ. ಮತ್ತೆ ಮೊದಲಿಂದ ಏಳು ವರ್ಷ, ಅಷ್ಟರಲ್ಲಿ ರಜನಿಗೆ ಹದಿನಾಲ್ಕು, ಯಾರ ಕೈ ತುತ್ತೂ ಬೇಡವಾಗುವ ವಯಸ್ಸು. ಬಹಳ ಹೊತ್ತು ಕೂತು ಎದ್ದವಳು ಶರಣವ್ವನ ಮನೆಗೆ ಹೋಗಿ ತನ್ನ ಕಲ್ಲು ಕೇಳಿದಳು. ಶರಣವ್ವ ಈಗ ಬುದ್ಧಿ ಬಂತೇನು ಅಂದುಕೊಂಡು ಉರುಳಿಸಿ ತಂದಳು. ಹೊಳೆವ್ವ ಕಲ್ಲಿಗೆ ಮೂರು ಸಲ ಹುಣಸೆಹಣ್ಣು ತಿಕ್ಕಿ ತೊಳೆದಳು. ಕೊಬ್ಬರಿ ಸುಟ್ಟಳು, ಗಸಗಸೆ ಹುರಿದಳು, ಕಣ್ಣಲ್ಲಿ ನೀರು ಬರುವಂತೆ ಅರೆದಳು. ಕುದಿಯುವ ಸಾರಿಗೆ ಬಟಾಟೆ ಕೊಚ್ಚಿ ಹಾಕಿದಳು.

ರೊಟ್ಟಿಯ ಅಂಚನ್ನು ಕೆಂಪು ಎಣ್ಣೆಯಲ್ಲಿ ಅದ್ದಿ ಬಾಯಿಗೆ ಇಟ್ಟಾಗ ಗುರುಶಿದ್ದಪ್ಪ ಕಣ್ಣು ಮುಚ್ಚಿದ್ದ. ಬಹಳ ಹೊತ್ತು ಬಾಯಾಡಿಸಿದ. ತಲೆ ಅಲ್ಲಾಡಿಸಲಿಲ್ಲ.

“ಕಲ್ಲ ಅದ ಐತಿ” ಎಂದ. “ಕೈ ಎಲ್ಲಿಟ್ಟಿ?”

ಮುಖ ಗೋಡೆಗೆ ಮಾಡಿ ಮಲಗಿದ. ಅವಳ ಕೈಯಿಂದ ಮತ್ತೆ ನೀರೂ ಕುಡಿಯಲಿಲ್ಲ. ಶರಣವ್ವ ಬಂದು ಚಮಚೆಯಿಂದ ತನ್ನ ಸಾರು ಕುಡಿಸಿದಳು. ಅದನ್ನೇ ಕುಡಿದು ಮೂರನೇ ದಿನ ತೀರಿಕೊಂಡ.

ಅವರ ಮಂದಿಯಲ್ಲಿ ಸತ್ತವನಿಗೆ ಎಡಿ ಹಿಡಿಯುವಾಗ ಅವನು ಇಷ್ಟಪಟ್ಟದ್ದನ್ನು ಹೆಂಡತಿಯೇ ಬೇಯಿಸಬೇಕು. ಹೊಳೆವ್ವ ಒಲೆಯ ಹತ್ತಿರ ಹೋದಳೋ ಇಲ್ಲವೋ, ಶರಣವ್ವ ಊರ ಮಂದಿಯ ಮುಂದೆ ಸೌಟು ಅಡ್ಡ ಹಿಡಿದಳು. ಜೀವ ಇದ್ದಾಗ ಹಾಕದವಳು ಹೆಣಕ್ಕೆ ಏನು ಹಾಕುತ್ತಾಳೆ, ಅಲ್ಲಿ ಬಯಲಲ್ಲಿ ಕೂಡ್ರು, ನಿನ್ನ ವ್ರತ ಕೆಟ್ಟೀತು, ಎಂದಳು. ಮಾಲತೇಶ ತಾಯಿಯನ್ನು ದಾಟಿ ಹೋಗಿ ಊಟಕ್ಕೆ ಕೂತ. ಬಂದವರೆಲ್ಲ ಉಂಡು ಬೆರಳು ನೆಕ್ಕಿ ಹೋದರು. ಹೊಳೆವ್ವ ಬೇವಿನ ಗಿಡದ ಕೆಳಗೆ ಕೂತು ಒಣರೊಟ್ಟಿ ತಿಂದಳು.

ತಿಂಗಳು ಕಳೆದು ರಜನಿಗೆ ಲಿಂಗ ಕಟ್ಟುವ ದಿನ ಬಂತು. ಬೋಳು ಹಣೆಯ, ಬರಿಗೈಯ ಹೊಳೆವ್ವ ಮಾಳಮಡ್ಡಿಯ ಹೊಸ್ತಿಲಿಗೆ ಬಂದಳು. ಮನೆ ತುಂಬ ಬೀಗರು ಬಿಜ್ಜರು. ಮುರಿಗೆವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಕಡೀಗೆ ಏನರ ಬೇಡಿದ್ರೇನ ಅವರು?”

“ಹೌದ್ರಿ, ಬೇಡಿದ್ರು.”

“ಕೊಟ್ರೇನ?”

“ಇಲ್ರಿ.”

ಮುರಿಗೆವ್ವ ಬಳೆಯಿಲ್ಲದ ಎರಡೂ ಕೈಗಳನ್ನು ಹಿಡಿದು ಹತ್ತೂ ಬೆರಳು ಮೂಸಿದಳು. “ಛಲೋ ಮಾಡಿದ್ರಿ” ಎಂದು ದಾರಿ ಬಿಟ್ಟಳು. ಏಳು ವರ್ಷದಲ್ಲಿ ಹೊಳೆವ್ವ ಆ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು.

ಒಳಗೆ ರಜನಿ ಜರದ ಲಂಗ ಉಟ್ಟು, ಹೊಸ ಲಿಂಗದ ದಾರ ಎಳೆದುಕೊಳ್ಳುತ್ತಾ ಎಲೆಯ ಮುಂದೆ ಕೂತಿದ್ದಳು. ಹೊಳೆವ್ವನನ್ನು ಎದುರಿಗೆ ಕೂಡಿಸಿದರು. ಅವಳು ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ತುದಿಬೆರಳಲ್ಲಿ ಸಣ್ಣ ತುತ್ತು ಮಾಡಿದಳು. ಬಾಯಿಯ ಹತ್ತಿರ ಒಯ್ದಳು. ಹುಡುಗಿ ಬಾಯಿ ತೆರೆಯಲಿಲ್ಲ. ಆಯಿಯ ಮಣಿಕಟ್ಟು ಹಿಡಿದು, ತುತ್ತು ಪಕ್ಕಕ್ಕೆ ಸರಿಸಿ, ಬಗ್ಗಿ ಒಂದೊಂದೇ ಬೆರಳು ಮೂಸಿದಳು. ಕಿರುಬೆರಳನ್ನು ಎರಡು ಸಲ ಮೂಸಿದಳು. ಮುರಿಗೆವ್ವ ಮಾಡುವ ಹಾಗೇ ಮೂಗು ಏರಿಸಿದಳು.

“ವಾಸನಿ ಬರತೈತಿ” ಎಂದಳು. “ಆಯೀ ವಾಸನಿ.”

ಆ ಹುಡುಗಿ ಹುಟ್ಟಿದಾಗಿನಿಂದ ಖಂಡ ಕಂಡಿರಲಿಲ್ಲ. ಮೂಸಿ ಮೂಸಿ ಬೇಡ ಅನ್ನುವ ವಾಸನೆ ಎಂದರೆ ಅವಳ ಲೆಕ್ಕಕ್ಕೆ ಹಳ್ಳಿ ಆಯಿಯ ಕೈಯ ವಾಸನೆ, ಹಸಿಗಡಲೆ, ಮಣ್ಣು, ಬಸ್ಸಿನ ಕಂಬಿ ಎಲ್ಲ ಸೇರಿದ್ದು. ಕೂತವರು ಗೊಳ್ಳೆಂದು ನಕ್ಕರು. ವಿಶಾಲನೂ ನಕ್ಕ. ನಾ ಕಲಿಸಿದ್ದಲ್ಲ ನೋಡ್ರಿ, ಸಣ್ಣವಕ್ಕ ತಾನ ತಿಳೀತೈತಿ, ಎಂದಳು ಮುರಿಗೆವ್ವ. ಕಾವೇರಿ ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಹೋದಳು, ತಲೆ ಎತ್ತಲಿಲ್ಲ.

ತುತ್ತು ಹೊಳೆವ್ವನ ಕೈಯಲ್ಲೇ ಉಳಿಯಿತು. ಎಲೆಗೆ ಇಡುವ ಹಾಗಿಲ್ಲ, ಎಂಜಲಾಗುತ್ತದೆ. ಚೆಲ್ಲುವ ಹಾಗಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

ಊರಿಗೆ ಬಂದು ಒಂದು ಆದಿತ್ಯವಾರ ಕೊರಳ ಲಿಂಗವನ್ನು ಗೂಟಕ್ಕೆ ಹಾಕಿ, ಅರ್ಧ ಕಿಲೋ ಖಂಡ ತರಿಸಿ ಬೇಯಿಸಿದಳು. ಬಾಯಿಗೆ ಇಟ್ಟದ್ದು ಇಳಿಯಲಿಲ್ಲ, ಕಾರಿಕೊಂಡಳು. ಏಳು ವರ್ಷದಲ್ಲಿ ಹೊಟ್ಟೆ ಮರೆತಿತ್ತು. ಗಡಿಗೆಯನ್ನು ಶರಣವ್ವನಿಗೆ ಕೊಟ್ಟಳು. ಶರಣವ್ವ ಉಂಡು, ಉಪ್ಪು ಕಡಿಮೆ ಆಗೈತಿ ಎಂದಳು.

ಆಮೇಲೂ ಐದು ವರ್ಷ ಬದುಕಿದ್ದಳು. ಮಾಳಮಡ್ಡಿಗೆ ಹೋಗಲಿಲ್ಲ. ಆದರೆ ಕೈ ಚಾಚುವುದು ಬಿಡಲಿಲ್ಲ. ಗಿರಣಿಗೆ ಹೋಗಲಿ, ಕಿರಾಣಿ ಅಂಗಡಿಗೆ ಹೋಗಲಿ, ಹೊಸ್ತಿಲು ಕಂಡರೆ ಸಾಕು, ನಿಂತು ಎರಡೂ ಅಂಗೈ ಮೇಲೆ ಮಾಡಿ ಮುಂದೆ ಹಿಡಿಯುವಳು. ತನಗೇ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಗೇ ಗೋಡೆಯಾಚೆಯ ಮನೆಯ ಬಾಗಿಲಲ್ಲಿ ನಿಂತಾಗ, ಬೇಡಲು ಬಂದಳೆಂದು ತಿಳಿದ ಶರಣವ್ವ ಒಂದು ತಂಗಳ ರೊಟ್ಟಿ ತಂದು ಆ ಕೈಗಳ ಮೇಲೆ ಇಟ್ಟಳು. ಹೊಳೆವ್ವ ರೊಟ್ಟಿಯನ್ನು ನೋಡಿದಳು, ಮೂಸಿದಳು, ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದಳು.